ಪರದೆಗಿಂತ ಮೊದಲು ಶಿಕ್ಷಕರು

ನಮಸ್ಕಾರ. ಹಿಂದಿನ ಸಂಚಿಕೆಯನ್ನು ನೋಡಿದ ಒಬ್ಬರು, ಮಕ್ಕಳ ಕೈಗೆ ಒಂದೊಂದು ಟ್ಯಾಬ್ಲೆಟ್ ಕೊಟ್ಟುಬಿಟ್ಟರೆ ಶಾಲೆಯ ಅರ್ಧ ಸಮಸ್ಯೆ ತೀರುತ್ತದೆ ಎಂದು ಬರೆದಿದ್ದಾರೆ. ತೀರುವುದಿಲ್ಲ. ಮೊದಲು ಶಿಕ್ಷಕರನ್ನು ಸಿದ್ಧಗೊಳಿಸಬೇಕು, ಪರದೆ ಆಮೇಲೆ ಬರಬೇಕು.

ಪೆರು ದೇಶ ಶಾಲಾ ಮಕ್ಕಳಿಗಾಗಿ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಖರೀದಿಸಿತು. ಅಲ್ಲಿನ ಗ್ರಾಮೀಣ ಶಾಲೆಗಳ ಬಗ್ಗೆ 2012ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಗಣಿತವಾಗಲಿ ಭಾಷೆಯಾಗಲಿ ಸುಧಾರಿಸಿದ ಕುರುಹು ಸಿಗಲಿಲ್ಲ. ಶಾಲೆಗಳ ಕಂಪ್ಯೂಟರೀಕರಣಕ್ಕೆ ಧಾರಾಳವಾಗಿ ಹಣ ಸುರಿದ ದೇಶಗಳಲ್ಲೂ ಓದು, ಗಣಿತ, ವಿಜ್ಞಾನದಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳನ್ನು ಅಳೆಯುವ ಪೀಸಾ ಪರೀಕ್ಷೆಯ ಫಲಿತಾಂಶಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲವೆಂದು, ಆರ್ಥಿಕ ಸಹಕಾರಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘಟನೆ ಒಇಸಿಡಿಯ 2015ರ ವರದಿ ತಿಳಿಸಿತು.

ಲೋಲಕದ ಪಾಠವನ್ನೇ ತೆಗೆದುಕೊಳ್ಳಿ. ಒಂದು ತರಗತಿಯಲ್ಲಿ ಅನಿಮೇಷನ್ ಓಡುತ್ತದೆ, ಮಕ್ಕಳು ನೋಡುತ್ತಾರೆ, ಗಂಟೆ ಬಾರಿಸುತ್ತದೆ. ಇನ್ನೊಂದರಲ್ಲಿ ಶಿಕ್ಷಕಿ ಚಿತ್ರವನ್ನು ಅಲ್ಲೇ ನಿಲ್ಲಿಸಿ, ಗುಂಡಿನ ತೂಕವನ್ನು ಇಮ್ಮಡಿ ಮಾಡಿದರೆ ಒಂದು ತೂಗಾಟಕ್ಕೆ ಹಿಡಿಯುವ ಸಮಯ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂದು ಕೇಳಿ, ಪ್ರತಿಯೊಬ್ಬರಿಂದಲೂ ಉತ್ತರ ಬರೆಸಿಕೊಂಡ ಮೇಲೆಯೇ ಮುಂದಕ್ಕೆ ಓಡಿಸುತ್ತಾರೆ. ಸಮಯ ಬದಲಾಗುವುದಿಲ್ಲ! ಹೆಚ್ಚುತ್ತದೆ ಎಂದು ಬರೆದ ಹುಡುಗ ಪೆನ್ಸಿಲ್ ಕಚ್ಚುತ್ತಾ, ಹಾಗಾದರೆ ದಾರದ ಉದ್ದ ಬದಲಿಸಿ ನೋಡೋಣ ಎನ್ನುತ್ತಾನೆ. ಎರಡೂ ಕಡೆ ಇದ್ದದ್ದು ಅದೇ ತಂತ್ರಾಂಶ. ಎರಡನೆಯ ಕಡೆ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಶಿಕ್ಷಕಿ ಇದ್ದರು. ಹಾಗಾಗಿಯೇ ಹೇಳುತ್ತೇನೆ: ಮೊದಲು ಶಿಕ್ಷಕರು.

ಮಗುವಿನ ಮಟ್ಟವನ್ನು ಅಳೆದು ತಕ್ಕ ಲೆಕ್ಕ ಕೊಡುವ ತಂತ್ರಾಂಶಗಳಿವೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಇವೆ, ಕೆಲವು ಚೆನ್ನಾಗಿಯೂ ಇವೆ. ಆದರೆ ಒಂದೇ ತಪ್ಪನ್ನು ಮೂರು ದಿನ ಮಾಡಿದ ಮಗುವಿನ ಪಕ್ಕದಲ್ಲಿ ಕುಳಿತು, ಎಲ್ಲಿ ತೊಡಕಾಯಿತು ಎಂದು ಯಾರು ಕೇಳಬೇಕು? ಇಂದಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ವಾದವನ್ನಂತೂ ನಾನು ಒಪ್ಪುವುದೇ ಇಲ್ಲ. ಬೆರಳಿನಿಂದ ಪರದೆ ಸರಿಸಲು ಬಂದ ಮಾತ್ರಕ್ಕೆ ಭಿನ್ನರಾಶಿ ತಿಳಿದೀತೇ?

ಸಾಧನಗಳಿಗೆ ಲಕ್ಷಗಟ್ಟಲೆ ಸುರಿದು, ಅವನ್ನು ಬಳಸಬೇಕಾದ ಶಿಕ್ಷಕರನ್ನು ಒಂದೇ ಮಧ್ಯಾಹ್ನದ ತರಬೇತಿಯಲ್ಲಿ ಸಾಗಹಾಕುವುದು ಅನ್ಯಾಯ. ಪಾಠ ಯೋಜಿಸಲು ಅವರಿಗೆ ಬಿಡುವು ಕೊಡಿ, ಯಾವ ಸಾಧನ ಬೇಕೆಂದು ಖರೀದಿಗೆ ಮೊದಲೇ ಅವರನ್ನು ಕೇಳಿ, ಬೇಡವೆಂದರೆ ಒಪ್ಪಿಕೊಳ್ಳಿ. ಮೊದಲು ಶಿಕ್ಷಕರು, ಮೊದಲು ಶಿಕ್ಷಕರು! ಇದನ್ನು ನೂರು ಸಂಚಿಕೆಗಳಲ್ಲಿ ಬೇಕಾದರೂ ಹೇಳುತ್ತೇನೆ. ಈ ವಾಹಿನಿಗೆ ಚಂದಾದಾರರಾಗಿ, ನಿಮ್ಮ ಮಕ್ಕಳ ಶಾಲೆಯ ಆಡಳಿತ ಮಂಡಳಿಗೂ ಈ ಸಂಚಿಕೆಯನ್ನು ಕಳುಹಿಸಿ. ನೀವು ಶಿಕ್ಷಕರಾಗಿದ್ದರೆ ಯಾವ ಪಾಠದಲ್ಲಿ ಪರದೆ ನಿಜಕ್ಕೂ ನೆರವಾಯಿತು ಎಂದು ಬರೆಯಿರಿ, ಮುಂದಿನ ವಾರ ಅವನ್ನೇ ಓದುತ್ತೇನೆ.