250ಕ್ಕೆ ಮುಂಚೆ, 250 ಆದ ಮೇಲೆ

ಮೇಲ್ ಸರ್ವರ್‌ಗೆ ಪ್ಲಗಿನ್ ಬರೆಯೋಕೆ ಕೂತವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಕೋಡ್ ಓಡೋದು 250ಕ್ಕೆ, ಅಂದ್ರೆ ಪತ್ರ ಒಪ್ಪಿಕೊಂಡೆ ಅಂತ ಸರ್ವರ್ ಕೊಡೋ ಉತ್ತರಕ್ಕೆ, ಮುಂಚೆನಾ, ಆಮೇಲಾ? ಜಾವಾನಾ ಸಿ-ನಾ, ಯಾವ ಲೈಬ್ರರಿ, ಅದೆಲ್ಲ ನಂತರ ನೋಡಿಕೊಳ್ಳಬಹುದು.

ಎಸ್‌ಎಂಟಿಪಿಯಲ್ಲಿ (ಸರ್ವರ್‌ಗಳು ಪತ್ರ ಸಾಗಿಸೋ ನಿಯಮಾವಳಿ) ಕಳಿಸೋ ಸರ್ವರ್ ಪತ್ರ ಪೂರ್ತಿ ಸುರಿದು ಕೊನೆಗೊಂದು ಒಂಟಿ ಚುಕ್ಕಿ ಇಡುತ್ತೆ. ಅದಕ್ಕೆ ನಮ್ಮ ಸರ್ವರ್ 250 ಅಂತು ಅಂದ್ರೆ, ಕೌಂಟರ್‌ನಲ್ಲಿ ರಸೀದಿ ಹರಿದುಕೊಟ್ಟ ಹಾಗೆ. ಅಲ್ಲಿಂದಾಚೆ ಆ ಪತ್ರ ನಮ್ಮ ತಲೆಮೇಲೆ. ತಲುಪಿಸಬೇಕು, ಇಲ್ಲಾಂದ್ರೆ ತಲುಪಲಿಲ್ಲ ಅಂತ ಕಳಿಸಿದವರಿಗೆ ತಿಳಿಸಬೇಕು. ಬಹಳಷ್ಟು ಪ್ಲಗಿನ್‌ಗಳು ಕೆಡೋದು ಈ ಗೆರೆಯ ಯಾವ ಬದಿಗೆ ತಾವಿದ್ದೀವಿ ಅನ್ನೋದನ್ನ ಮರೆತಿದ್ದಕ್ಕೆ.

ಮೊದಲು ಈಚೆ ಬದಿ, ಅಂದ್ರೆ 250ಕ್ಕೆ ಮುಂಚೆ. ಇಲ್ಲಿರೋದು ಮಿಲ್ಟರ್, ಪತ್ರ ಬರ್ತಿರುವಾಗಲೇ ಅದನ್ನ ನೋಡೋ ಪ್ಲಗಿನ್. ಸೆಂಡ್‌ಮೇಲ್‌ ಅನ್ನೋ ಮೇಲ್ ಸರ್ವರ್‌ನಲ್ಲಿ ಹುಟ್ಟಿದ್ದು, ಇನ್ನೊಂದು ಮೇಲ್ ಸರ್ವರ್ ಆದ ಪೋಸ್ಟ್‌ಫಿಕ್ಸ್ 2.3ರಿಂದ ಅಲ್ಲೂ ಇದೆ. ಕನೆಕ್ಷನ್, ಹೆಲೋ (ಕಳಿಸೋ ಸರ್ವರ್ ತನ್ನ ಹೆಸರು ಹೇಳೋದು), ಕಳಿಸಿದವರ ವಿಳಾಸ, ಒಬ್ಬೊಬ್ಬ ಸ್ವೀಕರಿಸುವವರ ವಿಳಾಸ, ಒಂದೊಂದು ಹೆಡರ್ (ಸಬ್ಜೆಕ್ಟ್‌ನಂಥ ಮೇಲಿನ ಸಾಲು), ಆಮೇಲೆ ಬಾಡಿ (ಪತ್ರದ ಒಳಗು): ಒಂದೊಂದು ಹಂತಕ್ಕೂ ನಿಮ್ಮ ಫಂಕ್ಷನ್‌ಗೆ ಕರೆ ಬರುತ್ತೆ. ಬಾಡಿ ಬರೋದು ಹೆಚ್ಚೆಂದ್ರೆ 65535 ಬೈಟ್‌ನ ತುಂಡುಗಳಲ್ಲಿ. ನೀವು ಹುಡುಕೋ ಪದ ಎರಡು ತುಂಡುಗಳ ನಡುವೆ ಸೀಳಿಹೋಗಿರಬಹುದು, ಹಾಗಾಗಿ ಹಿಂದಿನ ತುಂಡಿನ ಬಾಲವನ್ನ ಇಟ್ಕೊಂಡೇ ಮುಂದಿನದನ್ನ ನೋಡಬೇಕು. ಹೆಡರ್ ಸೇರಿಸೋದು, ಬಾಡಿ ಬದಲಿಸೋದು ಎಲ್ಲಾ ಕೊನೆಯ ಹಂತದಲ್ಲಿ ಮಾತ್ರ. ಇನ್ನೊಂದು, ಒಂದೇ ಕನೆಕ್ಷನ್‌ನಲ್ಲಿ ಹತ್ತು ಪತ್ರ ಬರಬಹುದು. ಪತ್ರಕ್ಕೆ ಸೇರಿದ ಲೆಕ್ಕವನ್ನ ಕನೆಕ್ಷನ್ ಮುಚ್ಚಿದಾಗ ಅಳಿಸಿದರಾಯ್ತು ಅಂದ್ಕೊಂಡ್ರೆ, ಮೊದಲ ಪತ್ರದ ಸ್ಪ್ಯಾಮ್ ಅಂಕ ಎರಡನೇದರ ತಲೆಗೆ ಅಂಟುತ್ತೆ. ಕನೆಕ್ಷನ್‌ಗೆ ಒಂದೊಂದೇ ಪತ್ರ ಕಳಿಸಿ ಟೆಸ್ಟ್ ಮಾಡ್ತಿದ್ರೆ ಇದು ಕಣ್ಣಿಗೇ ಬೀಳಲ್ಲ.

ಇಲ್ಲಿ ಕೈಲಿರೋ ದೊಡ್ಡ ಅನುಕೂಲ, ಬೇಡ ಅನ್ನೋಕೆ ಇನ್ನೂ ಹಕ್ಕಿದೆ. ನಿಮ್ಮ ಮಿಲ್ಟರ್ ಸತ್ತು ಬಿದ್ದಿದ್ರೆ ಪೋಸ್ಟ್‌ಫಿಕ್ಸ್ ಡೀಫಾಲ್ಟ್ ಆಗಿ ತಾತ್ಕಾಲಿಕ ನಿರಾಕರಣೆ ಕೊಡುತ್ತೆ, ಕಳಿಸೋ ಸರ್ವರ್ ಆಮೇಲೆ ಮತ್ತೆ ಬರುತ್ತೆ. ವೈರಸ್ ಸ್ಕ್ಯಾನರ್‌ಗೆ ಅದೇ ಸರಿ. ಬರೀ ಒಂದು ಹೆಡರ್ ಅಂಟಿಸೋ ಮಿಲ್ಟರ್‌ಗೋಸ್ಕರ ಇಡೀ ಆಫೀಸಿನ ಮೇಲ್ ನಿಲ್ಲಿಸೋದು ಮಾತ್ರ ಅತಿರೇಕ, ಅಂಥದ್ದಕ್ಕೆ ಆ ಡೀಫಾಲ್ಟ್ ಬದಲಿಸಿ "ಆಕ್ಸೆಪ್ಟ್" ಹಾಕಿ. ಸಮಯದ ಮಿತಿಯೂ ಇದೆ: ಕನೆಕ್ಟ್ ಆಗೋಕೆ 30 ಸೆಕೆಂಡ್, ಒಂದೊಂದು ಕಮಾಂಡ್‌ಗೆ 30, ಪತ್ರದ ಒಳಗನ್ನ ನೋಡೋಕೆ 300. ಅದನ್ನ ಸಾವಿರಕ್ಕೆ ಏರಿಸೋ ಮುಂಚೆ ಯೋಚಿಸಿ. ಆರ್‌ಎಫ್‌ಸಿ 5321ರ (ಎಸ್‌ಎಂಟಿಪಿಯ ನಿಯಮಪುಸ್ತಕ) ಪ್ರಕಾರ ಕಳಿಸೋರು ಕೊನೆ ಚುಕ್ಕಿಯ ಉತ್ತರಕ್ಕೆ ಕಾಯಬೇಕಾದ್ದು 10 ನಿಮಿಷ. ಹನ್ನೊಂದನೇ ನಿಮಿಷಕ್ಕೆ ನೀವು 250 ಅಂದ್ರೆ ಕೇಳೋಕೆ ಆ ಕಡೆ ಯಾರೂ ಇರಲ್ಲ. ಅವರು ಮತ್ತೆ ಕಳಿಸ್ತಾರೆ, ಒಂದೇ ಪತ್ರ ಎರಡು ಸಲ ಇನ್‌ಬಾಕ್ಸ್‌ಗೆ ಬೀಳುತ್ತೆ.

ಆದ್ರೆ ಇದೇ ಬದಿಯಲ್ಲಿ ಒಂದು ಕೊರತೆ ಇದೆ. ಪತ್ರದಲ್ಲಿ ಐದು ಜನರ ವಿಳಾಸ ಇದ್ರೂ, ಚುಕ್ಕಿಗೆ ಸಿಗೋ ಉತ್ತರ ಒಂದೇ. ಒಳಗನ್ನ ಓದಿದ ಮೇಲೆ ಇವರಿಗೆ ಸರಿ, ಅವರಿಗೆ ಬೇಡ ಅಂತ ಹೇಳೋಕೆ ಎಸ್‌ಎಂಟಿಪಿಯಲ್ಲಿ ಜಾಗವಿಲ್ಲ. ಎಲ್‌ಎಂಟಿಪಿಯಲ್ಲಿದೆ, ಆದ್ರೆ ಅದು ಪತ್ರವನ್ನ ಮೇಲ್‌ಬಾಕ್ಸ್‌ಗೆ ಒಪ್ಪಿಸೋ ಬೇರೆ ನಿಯಮಾವಳಿ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ನಿಯಮ ಅನ್ನೋ ಕೆಲಸವೆಲ್ಲ ಆಚೆ ಬದಿಗೆ ಹೋಗಬೇಕು.

ಆಚೆ ಬದಿಗೆ, ಅಂದ್ರೆ 250 ಆದ ಮೇಲೆ, ಜಾವಾದಲ್ಲಿ ಬರೆದ ಮೇಲ್ ಸರ್ವರ್ ಅಪಾಚೆ ಜೇಮ್ಸ್‌ನ ಮೇಲೆಟ್ ಒಳ್ಳೇ ಉದಾಹರಣೆ. ಅಲ್ಲಿ ಕೆಲಸ ಇಬ್ಭಾಗ: ಯಾರಿಗೆ ಅಂತ ಹೇಳೋದು ಮ್ಯಾಚರ್, ಏನು ಮಾಡಬೇಕೋ ಅದನ್ನ ಮಾಡೋದು ಮೇಲೆಟ್. ಈ ವಿನ್ಯಾಸದಲ್ಲಿ ನನಗೆ ತುಂಬಾ ಹಿಡಿಸೋದು, ಮ್ಯಾಚರ್ ಹೌದು-ಇಲ್ಲ ಅನ್ನಲ್ಲ, ವಿಳಾಸಗಳ ಪಟ್ಟಿ ವಾಪಸ್ ಕೊಡುತ್ತೆ. ಮೂವರಿಗೆ ಬಂದ ಪತ್ರ, ಇಬ್ಬರು ನಮ್ಮ ಡೊಮೇನ್‌ನವರು, ಒಬ್ಬರು ಹೊರಗಿನವರು ಅಂತಿಟ್ಕೊಳ್ಳಿ. ಮ್ಯಾಚರ್ ಇಬ್ಬರ ಹೆಸರು ಕೊಟ್ಟ ತಕ್ಷಣ ಜೇಮ್ಸ್ ಪತ್ರವನ್ನ ಎರಡು ಪ್ರತಿ ಮಾಡುತ್ತೆ. ಇಬ್ಬರದ್ದು ಮೇಲೆಟ್ ಒಳಗೆ ಹೋಗುತ್ತೆ, ಮೂರನೆಯವರದ್ದು ಅದನ್ನ ದಾಟಿ ಮುಂದೆ ಹೋಗುತ್ತೆ. ಇದನ್ನ ತಿಳಿಯದೆ ಒಬ್ಬರಾದ್ರೂ ಒಳಗಿನವರಿದ್ರೆ ಪೂರ್ತಿ ಪಟ್ಟಿ ವಾಪಸ್ ಕೊಡೋ ಮ್ಯಾಚರ್ ಬರೆದ್ರೆ, ಒಳಗಿನವರಿಗೆ ಮಾತ್ರ ಅಂತ ಹಾಕಿದ ಅಡಿಟಿಪ್ಪಣಿ ಹೊರಗಿನವರಿಗೂ ಹೋಗುತ್ತೆ.

ಮ್ಯಾಚರ್ ಎಡವಿ ಎಕ್ಸೆಪ್ಷನ್ ಎಸೆದ್ರೆ? ಕಾನ್ಫಿಗರೇಷನ್‌ನಲ್ಲಿ ಮೂರು ಆಯ್ಕೆ ಇವೆ: ಯಾರೂ ಹೊಂದಲಿಲ್ಲ ಅನ್ನು, ಎಲ್ಲರೂ ಹೊಂದಿದರು ಅನ್ನು, ಎರರ್ ಪ್ರೊಸೆಸರ್‌ಗೆ ತಳ್ಳು. ವೈರಸ್ ಇದೆಯಾ ಅಂತ ನೋಡೋ ಮ್ಯಾಚರ್‌ಗೆ ಮೊದಲನೇದು ಹಾಕಿದ್ರೆ, ಸ್ಕ್ಯಾನರ್ ಮಲಗಿದ ದಿನ ಎಲ್ಲ ವೈರಸ್ಸೂ ರಾಜಮಾರ್ಗದಲ್ಲಿ ಒಳಗೆ ಬರುತ್ತೆ. ಇನ್ನು ಎರರ್ ಪ್ರೊಸೆಸರ್ ಒಳಗೆ ನೆಟ್‌ವರ್ಕ್ ಮುಟ್ಟೋ ಮೇಲೆಟ್ ಬೇಡವೇ ಬೇಡ. ಡಿಸ್ಕಿಗೆ ಬರೆದು ಸುಮ್ಮನಾಗಲಿ. ಕೆಟ್ಟದ್ದನ್ನ ಹಿಡಿಯೋ ಬುಟ್ಟಿಗೇ ತೂತಿದ್ರೆ ಪತ್ರ ಹುಡುಕೋದು ಎಲ್ಲಿ?

ಈ ಬದಿಯಲ್ಲಿ ಬೇಡ ಅಂದ್ರೆ ಬೌನ್ಸ್ (ತಲುಪಲಿಲ್ಲ ಅನ್ನೋ ಪತ್ರ) ಕಳಿಸಬೇಕು, ಆದ್ರೆ ಸ್ಪ್ಯಾಮ್‌ನಲ್ಲಿರೋ ಕಳಿಸಿದವರ ವಿಳಾಸ ಹೆಚ್ಚಾಗಿ ಕದ್ದದ್ದು. ಸಂಬಂಧವೇ ಇಲ್ಲದವರ ಮೇಲೆ ಬೌನ್ಸ್ ಸುರಿದು ನಿಮ್ಮ ಐಪಿ ಬ್ಲ್ಯಾಕ್‌ಲಿಸ್ಟ್ ಸೇರುತ್ತೆ. ಸ್ಪ್ಯಾಮ್ ತಿರಸ್ಕಾರ 250ಕ್ಕೆ ಮುಂಚೆ ಆಗಲಿ ಅನ್ನೋದು ಇದಕ್ಕೇ. ಬೌನ್ಸ್ ಕಳಿಸಲೇಬೇಕಾದಾಗ ಕಳಿಸಿದವರ ಜಾಗ ಖಾಲಿ ಇರಬೇಕು, ಹಾಗೆ ಖಾಲಿ ಇರೋ ಪತ್ರಕ್ಕೆ ಆಟೋ-ರಿಪ್ಲೈ ಮೇಲೆಟ್ ಉತ್ತರ ಕೊಡಬಾರದು. ಎರಡರಲ್ಲಿ ಒಂದು ತಪ್ಪಿದ್ರೂ ಎರಡು ಸರ್ವರ್‌ಗಳು ರಾತ್ರಿಯಿಡೀ ಮಾತಾಡ್ಕೊಳ್ತವೆ.

ಮೇಲೆಟ್ ಬರೆಯೋರಿಗೆ ಇನ್ನೆರಡು ಮಾತು. ಒಂದೇ ಇನ್‌ಸ್ಟನ್ಸ್ ಅನ್ನ ಹಲವು ಥ್ರೆಡ್ ಒಟ್ಟಿಗೆ ಕರೆಯುತ್ತವೆ, ಪತ್ರದ ಮಾಹಿತಿ ಕ್ಲಾಸಿನ ಫೀಲ್ಡ್‌ನಲ್ಲಿ ಇಡಬೇಡಿ. ಸರ್ವರ್ ನಡುವೆ ಬಿದ್ದೆದ್ರೆ ಅದೇ ಪತ್ರ ಕ್ಯೂನಿಂದ ಮತ್ತೆ ಬರಬಹುದು, ಆಗ ಎಸ್‌ಎಂಎಸ್ ಕಳಿಸೋ, ಟಿಕೆಟ್ ತೆರೆಯೋ ಮೇಲೆಟ್ ಅದನ್ನ ಎರಡು ಸಲ ಮಾಡುತ್ತೆ. ತಡೆಯೋಕೆ ಮೆಸೇಜ್-ಐಡಿ ಒಂದೇ ಸಾಲದು, ಒಡೆದ ಪ್ರತಿಗಳೆಲ್ಲಕ್ಕೂ ಅದೇ ಐಡಿ ಇರುತ್ತೆ. ಜೊತೆಗೆ ಸ್ವೀಕರಿಸುವವರ ವಿಳಾಸವನ್ನೂ ಸೇರಿಸಿ ಕೀ ಮಾಡಿ. ಬಾಡಿ ಮುಟ್ಟೋ ಮೇಲೆಟ್ ಎಲ್ಲ ಡಿಕಿಮ್ ಸಹಿ (ಪತ್ರ ದಾರಿಯಲ್ಲಿ ಬದಲಾಗಿಲ್ಲ ಅಂತ ತೋರಿಸೋ ಡಿಜಿಟಲ್ ಸಹಿ) ಹಾಕೋದಕ್ಕಿಂತ ಮುಂಚೆ ಬರಲಿ. ಸಹಿ ಆದ ಮೇಲೆ ಒಂದು ಸಾಲು ಸೇರಿದ್ರೂ ಬಾಡಿಯ ಹ್ಯಾಶ್ ಹೊಂದಲ್ಲ.

ಕೊನೆಗೆ ಕನ್ನಡ ಸಬ್ಜೆಕ್ಟ್. "ಬಹುಮಾನ" ಅನ್ನೋ ಪದ ಹಿಡಿಯೋ ಮ್ಯಾಚರ್ ಬೇಕು ಅಂದ್ಕೊಳ್ಳಿ. ಹೆಡರ್‌ನಲ್ಲಿ ಕನ್ನಡ ಸಾಮಾನ್ಯವಾಗಿ ಬೇಸ್64 ಆಗಿ, ಅಂದ್ರೆ ಬೈಟ್‌ಗಳನ್ನ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆದ ರೂಪದಲ್ಲಿ, ಬರುತ್ತೆ. ಕನ್ನಡದ ಒಂದು ಯೂನಿಕೋಡ್ ಗುರುತಿಗೆ 3 ಬೈಟ್, ಬೇಸ್64ನಲ್ಲಿ ಸರಿಯಾಗಿ 4 ಅಕ್ಷರ. ಇದನ್ನ ನೋಡಿ ಕೆಲವರು ಕಚ್ಚಾ ಹೆಡರ್‌ನಲ್ಲೇ ಆ 24 ಅಕ್ಷರದ ತುಣುಕು ಹುಡುಕ್ತಾರೆ. "ಬಹುಮಾನ" ಮೊದಲಿಗೇ ಇದ್ರೆ ಸಿಗುತ್ತೆ. "ನಿಮಗೆ ಬಹುಮಾನ" ಅಂತಿದ್ರೆ ಸಿಗಲ್ಲ. ನಡುವಿನ ಒಂದು ಸ್ಪೇಸ್ ಬರೀ 1 ಬೈಟ್, ಅದು ಮುಂದಿನದ್ದನ್ನೆಲ್ಲ ಜರುಗಿಸಿಬಿಡುತ್ತೆ. ಮೂರು ಸ್ಪೇಸ್ ಹಾಕಿದ್ರೆ ಮತ್ತೆ ಸಿಗುತ್ತೆ! ಮೇಲಾಗಿ ಹೆಡರ್‌ನ ಒಂದು ಬೇಸ್64 ತುಣುಕಿಗೆ, ಅಂದ್ರೆ ಎನ್‌ಕೋಡೆಡ್ ವರ್ಡ್‌ಗೆ 75 ಅಕ್ಷರದ ಮಿತಿ. ಯುಟಿಎಫ್-8 ಅನ್ನೋ ಹಣೆಪಟ್ಟಿ, ಬಾಲ ಕಳೆದ್ರೆ ಹಿಡಿಸೋದು 15 ಕನ್ನಡ ಗುರುತು, ಆಮೇಲಿನದು ಮುಂದಿನ ತುಣುಕಿಗೆ. ಪದ ಅಲ್ಲೇ ಮುರಿದಿರಬಹುದು. ಅದಕ್ಕೇ ಜಾವಾದ ಫಂಕ್ಷನ್‌ಗಳಲ್ಲಿ ಗೆಟ್‌ಹೆಡರ್ ಬಿಟ್ಟು ಗೆಟ್‌ಸಬ್ಜೆಕ್ಟ್ ಬಳಸಿ, ಅದು ತುಣುಕು ಜೋಡಿಸಿ ಡಿಕೋಡ್ ಮಾಡಿ ಕೊಡುತ್ತೆ. ನಂತರ ಎನ್‌ಎಫ್‌ಸಿಗೆ (ಒಂದೇ ಅಕ್ಷರವನ್ನ ಒಂದೇ ರೀತಿ ಬರೆಯೋ ಯೂನಿಕೋಡ್ ರೂಪ) ತನ್ನಿ. "ಕೊಡುಗೆ"ಯ ಕೊ ಒಂದೇ ಸ್ವರಚಿಹ್ನೆಯಾಗಿ ಬರಬಹುದು, ಎ-ಕಾರ ಊ-ಕಾರದ ಚಿಹ್ನೆಗಳ ಜೋಡಿಯಾಗಿಯೂ ಬರಬಹುದು, ಕಣ್ಣಿಗೆ ಎರಡೂ ಒಂದೇ. ಕಾಣದ ಝೀರೋ-ವಿಡ್ತ್ ಗುರುತುಗಳನ್ನ ಕಿತ್ತು, ಆಮೇಲೆ ಹೋಲಿಸಿ.