ನಾಲ್ಕು ಕೋತಿ, ಒಂದು ಉಯಿಲು, ಎರಡೇ ಹಾಡಿನ ಆಲ್ಬಮ್

ಸತ್ತ ಮೇಲೆ ಪಾತಾಳದಲ್ಲಿ ನಮ್ಮನ್ನು ಶೂಲಕ್ಕೆ ತಲೆಕೆಳಗಾಗಿ ನೇತುಹಾಕಬಾರದು. ನಾಲ್ಕು ಕೋತಿಗಳು ಸೇರಿ ನಮಗೆ ಹೇಲು ತಿನ್ನಿಸಬಾರದು. ಅದಕ್ಕೆಂದೇ ಇರುವ ಅಧ್ಯಾಯ. ಇದು ನಾನು ಕಟ್ಟಿದ್ದಲ್ಲ, ಅಮೆರಿಕದ ನೈಲ್ ಬ್ಯಾಂಡ್‌ನ ಒಂದು ಹಾಡಿನ ಹೆಸರು. ಇಷ್ಟುದ್ದವೂ ಒಂದೇ ಹೆಸರು. ಇದನ್ನು ಓದಿ ಮುಗಿಸುವಷ್ಟರಲ್ಲಿ ಅತಿ ವೇಗದ, ಚಿಕ್ಕ ಚಿಕ್ಕ ಹಾಡುಗಳ ಶೈಲಿಯಾದ ಗ್ರೈಂಡ್‌ಕೋರ್‌ನವರು ನಾಲ್ಕು ಹಾಡು ಹಾಡಿ ನೀರು ಕುಡಿಯುತ್ತಾ ಕೂತಿರುತ್ತಾರೆ. ಸುಮ್ನೆ ಹೇಳುತ್ತಿಲ್ಲ. ಅವರಲ್ಲೇ ಒಬ್ಬರಾದ ನೇಪಾಮ್ ಡೆತ್ ಬ್ಯಾಂಡ್ 1987ರಲ್ಲಿ ಬಿಟ್ಟ ಒಂದು ಹಾಡು ಒಂದೂವರೆ ಸೆಕೆಂಡೂ ಇಲ್ಲ.

ನಮಸ್ಕಾರ. ಇವತ್ತು 2024 ಮತ್ತು 2025ರಲ್ಲಿ ಬಂದ, ರಾಕ್ ಸಂಗೀತದಲ್ಲೇ ಅತಿ ಉಗ್ರವಾದ ಕೆಲವು ಎಕ್ಸ್‌ಟ್ರೀಮ್ ಮೆಟಲ್ ಆಲ್ಬಮ್‌ಗಳ ಬಗ್ಗೆ ಮಾತಾಡೋಣ. ಸ್ಟಾರ್ ಕೊಡುವುದಿಲ್ಲ. ಹತ್ತಕ್ಕೆ ಎಷ್ಟು ಅಂತಲೂ ಕೇಳಬೇಡಿ. ನನ್ನ ಅಳತೆ ಬೇರೆ. ಈ ಸಂಗೀತ ಶುರುವಾದ ಕೂಡಲೇ ನನಗೆ ನಗು ಬರುತ್ತದೆ. ಮುಖಕ್ಕೆ ಬಿಳಿ ಬಣ್ಣ, ಕೈಗೆ ಉದ್ದುದ್ದ ಮೊಳೆ, ಬ್ಯಾಂಡ್‌ನವರಿಗೇ ಓದಲು ಬಾರದ ಲೋಗೊ. ಫೋಟೊದಲ್ಲಿ ಎಲ್ಲರ ಮುಖವೂ ಕೊಟ್ಟ ಸಾಲ ವಾಪಸ್ ಬರದವರ ಹಾಗೆ. ನಗದೆ ಇರುವುದು ಹೇಗೆ ಹೇಳಿ? ಆದರೆ ಆಲ್ಬಮ್ ಚೆನ್ನಾಗಿದ್ದರೆ ಎಲ್ಲೋ ಒಂದು ಕಡೆ ಆ ನಗು ನಿಂತುಹೋಗುತ್ತದೆ. ಎಲ್ಲಿ ನಿಂತಿತು ಅನ್ನುವುದಷ್ಟೇ ನನ್ನ ವಿಮರ್ಶೆ.

ಮೊದಲು ನೈಲ್‌ನವರ ಆ ಕೋತಿಗಳನ್ನೇ ವಿಚಾರಿಸಿಕೊಳ್ಳೋಣ. ಆಲ್ಬಮ್ 'ದಿ ಅಂಡರ್‌ವರ್ಲ್ಡ್ ಅವೇಟ್ಸ್ ಅಸ್ ಆಲ್', 2024ರ ಆಗಸ್ಟ್‌ನಲ್ಲಿ ಬಂತು. ಬ್ಯಾಂಡ್ ಕಟ್ಟಿದ ಕಾರ್ಲ್ ಸ್ಯಾಂಡರ್ಸ್ ಇರುವುದು ಸೌತ್ ಕ್ಯಾರೊಲೈನಾದಲ್ಲಿ, ಜೀವ ಇರುವುದು ಪ್ರಾಚೀನ ಈಜಿಪ್ಟ್‌ನಲ್ಲಿ. ಮಜಾ ಏನು ಗೊತ್ತಾ? ಆ ಹೆಸರಿನ ಹಿಂದೆ ನಿಜಕ್ಕೂ ಮಂತ್ರಗಳಿವೆ. ಈಜಿಪ್ಟಿನವರು ಹೆಣದ ಜೊತೆ ಇಡುತ್ತಿದ್ದ ಬರಹಗಳಲ್ಲಿ ಪರಲೋಕದಲ್ಲಿ ತಲೆಕೆಳಗಾಗಿ ನಡೆಯದಿರಲು ಒಂದು ಮಂತ್ರ ಇದೆ. ಮಲ ತಿನ್ನುವ ಗತಿ ಬಾರದಿರಲಿ ಅಂತ ಇನ್ನೊಂದಿದೆ. ಬೆಂಕಿಯ ಕೊಳದ ಸುತ್ತ ಕೂತ ನಾಲ್ಕು ಬಬೂನ್‌ಗಳೂ ಅಲ್ಲೇ ಸಿಗುತ್ತವೆ. ಪಿರಮಿಡ್ ಕಟ್ಟಿದ ಜನ ಸತ್ತ ಮೇಲೆ ಏನೇನು ಆಗಬಾರದು ಅಂತ ಕೂತು ಯೋಚಿಸಿದಾಗ ಅವರಿಗೆ ಹೊಳೆದದ್ದು ಇದು. ಇವರ ಮುಂದೆ ಸಾವು, ಹೆಣಗಳನ್ನೇ ಹಾಡುವ ಈಗಿನ ಡೆತ್ ಮೆಟಲ್ ಕವಿಗಳೆಲ್ಲ ಕೂಸುಗಳು.

ಸಂಗೀತಕ್ಕೆ ಬಂದರೆ, ಡ್ರಮ್ಸ್‌ನಲ್ಲಿ ಜಾರ್ಜ್ ಕೊಲಿಯಾಸ್. ಕಿಕ್, ಸ್ನೇರ್, ಸಿಂಬಲ್ ಮೂರನ್ನೂ ಬಿಡುವಿಲ್ಲದೆ ಬಡಿಯುವುದಕ್ಕೆ ಬ್ಲಾಸ್ಟ್ ಬೀಟ್ ಅನ್ನುತ್ತಾರೆ. ಇವರು ಅದನ್ನು ಬಡಿಯುವ ಪರಿ ನೋಡಿದರೆ ಆ ಡ್ರಮ್ ಹಿಂದಿನ ಜನ್ಮದಲ್ಲಿ ಏನೋ ಪಾಪ ಮಾಡಿರಬೇಕು. ಕಷ್ಟ ಏನೆಂದರೆ, ವೇಗ ಒಂದು ಹಂತ ದಾಟಿದ ಮೇಲೆ ಕಿವಿಗೆ ಅದು ವೇಗ ಅನ್ನಿಸುವುದೇ ಇಲ್ಲ. ಒಂದೇ ಸಮನೆ ಗುಡುಗಿದಂತೆ ಇರುತ್ತದೆ. ನಿಧಾನವಾಗಿ ತೂಗುವ ಭಾಗಗಳು ಬಂದಾಗಲೇ ಹಿಂದಿನದು ಎಷ್ಟು ವೇಗವಾಗಿತ್ತು ಅಂತ ಗೊತ್ತಾಗುವುದು. ಅಂಥ ಭಾಗಗಳು ಇನ್ನೂ ಜಾಸ್ತಿ ಬೇಕಿತ್ತು. ನನ್ನ ನಗು ಇಲ್ಲಿ ನಿಲ್ಲಲಿಲ್ಲ, ಸುಸ್ತಾಗಿ ಕೂತುಬಿಟ್ಟಿತು.

ಡಿಸೈಡ್. ಫ್ಲಾರಿಡಾದ ಹಳೇ ಹುಲಿಗಳು. ಇವರ ಗಾಯಕ ಗ್ಲೆನ್ ಬೆಂಟನ್ ಒಂದು ಕಾಲದಲ್ಲಿ ಹಣೆಗೆ ತಲೆಕೆಳಗಾದ ಶಿಲುಬೆಯ ಬರೆ ಹಾಕಿಕೊಂಡ ಮನುಷ್ಯ. ಇಂಥವರ 2024ರ ಆಲ್ಬಮ್ 'ಬ್ಯಾನಿಶ್ಡ್ ಬೈ ಸಿನ್' ಮುಖಪುಟವನ್ನು ಎಐ ಕೈಲಿ ಮಾಡಿಸಿದರು. ಅಭಿಮಾನಿಗಳು ರೇಗಿದರು. ದೇವರಿಗೇ ಹೆದರದವರು ಚಿತ್ರ ಬರೆಯುವವರಿಗೆ ಹೆದರಿದರಾ? ಪಾಪದಿಂದ ಗಡೀಪಾರು ಅಂತ ಹೆಸರಿಟ್ಟು, ಗಡೀಪಾರು ಮಾಡಿದ್ದು ಮಾತ್ರ ಕಲಾವಿದನನ್ನು. ಹಾಡುಗಳು ಚೆನ್ನಾಗೇ ಇವೆ. ಚಿಕ್ಕವು, ಸಿಟ್ಟಿನವು, ಬಂದ ಕೆಲಸ ಮುಗಿಸಿ ಹೊರಡುತ್ತವೆ. ಆದರೆ ಮುಖಪುಟ ನೋಡಿದಾಗಲೆಲ್ಲ ನಗು ಮತ್ತೆ ಮೊದಲಿಂದ ಶುರು.

ಈಗ ಓಪೆತ್. ಇದಕ್ಕೆ ಸ್ವಲ್ಪ ಸಮಯ ಬೇಕು.

ಸ್ವೀಡನ್ನಿನ ಈ ಬ್ಯಾಂಡ್‌ನ ಗಾಯಕ ಮಿಕೇಲ್ ಓಕೆರ್‌ಫೆಲ್ಟ್‌ಗೆ ಈ ಲೋಕದ ಅತಿ ಚೆಂದದ ಗ್ರೌಲ್‌ಗಳಲ್ಲಿ ಒಂದು ಒಲಿದಿದೆ. ಗ್ರೌಲ್ ಅಂದರೆ ಸುಮ್ಮನೆ ಕಿರುಚುವುದಲ್ಲ. ಮಾತಾಡುವ ಸ್ವರತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿರುತ್ತವೆ, ಅವುಗಳನ್ನು ಅದುರಿಸುವ ವಿದ್ಯೆ. ಬರೀ ಗಂಟಲು ಹರಿದುಕೊಂಡರೆ ಮರುದಿನ ಮೂಕರಾಗಿ ಓಡಾಡಬೇಕಾಗುತ್ತದೆ. ಇಷ್ಟು ಒಳ್ಳೆಯ ವಿದ್ಯೆ ಇಟ್ಟುಕೊಂಡು ಈ ಮಹಾನುಭಾವ 2008ರ ನಂತರ ನಾಲ್ಕು ಆಲ್ಬಮ್ ಮಾಡಿದರು, ಒಂದರಲ್ಲೂ ಗ್ರೌಲ್ ಮಾಡಲಿಲ್ಲ. ಎಪ್ಪತ್ತರ ದಶಕದ ಪ್ರಾಗ್ ರಾಕ್ ಗುಂಗು, ಅಂದರೆ ಉದ್ದುದ್ದ ಹಾಡು, ಹತ್ತಾರು ತಿರುವು. ಅಭಿಮಾನಿಗಳು ಅತ್ತರು, ಬೈದರು, ಹಳೇ ಆಲ್ಬಮ್ ಹಾಕಿಕೊಂಡು ಕೂತರು. 2024ರ ನವೆಂಬರ್‌ನಲ್ಲಿ 'ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್' ಬಂತು, ಗ್ರೌಲ್ ವಾಪಸ್ ಬಂತು. ಯಾವುದಕ್ಕೆ? ಆಸ್ತಿ ಪಾಲು ಮಾಡಲಿಕ್ಕೆ.

ತಮಾಷೆಯಲ್ಲ. ಇಡೀ ಆಲ್ಬಮ್ ಒಂದು ಉಯಿಲು. ಮೊದಲ ಮಹಾಯುದ್ಧ ಮುಗಿದ ಕಾಲ, ದೊಡ್ಡ ಮನೆ, ಯಜಮಾನ ಸತ್ತಿದ್ದಾನೆ, ಮಕ್ಕಳು ಕೂತಿದ್ದಾರೆ, ಉಯಿಲು ಓದಲಾಗುತ್ತಿದೆ. ಮೊದಲ ಏಳು ಹಾಡಿಗೆ ಹೆಸರೇ ಇಲ್ಲ. ಪರಿಚ್ಛೇದ 1, ಪರಿಚ್ಛೇದ 2, ಹೀಗೆ. ಮೆಟಲ್‌ನಲ್ಲಿ ನರಕ, ರಕ್ತ, ಹೆಣ ಎಲ್ಲ ನೋಡಿದ್ದೆವು. ಕಾಗದಪತ್ರ ನೋಡಿರಲಿಲ್ಲ. ನನ್ನನ್ನು ಕೇಳಿದರೆ ಇದೇ ಹೆಚ್ಚು ಭಯಾನಕ. ದೆವ್ವ ಬಂದರೆ ಓಡಬಹುದು, ಆಸ್ತಿ ವಿಷಯಕ್ಕೆ ಕೂತ ನೆಂಟರಿಂದ ಓಡಲು ಆಗುತ್ತದಾ?

ಕಥೆ ಗೊತ್ತಾಗಬಾರದು ಅನ್ನುವವರು ಸ್ವಲ್ಪ ಮುಂದೆ ಓಡಿಸಿಕೊಳ್ಳಿ. ಅವಳಿ ಮಕ್ಕಳು ತನ್ನ ರಕ್ತ ಅಲ್ಲ ಅಂತ ಯಜಮಾನ ಉಯಿಲಿನಲ್ಲಿ ಬರೆದಿಟ್ಟಿರುತ್ತಾನೆ. ಎಲ್ಲವೂ ಪೋಲಿಯೊ ಬಂದ ಹುಡುಗಿಗೆ ಹೋಗುತ್ತದೆ. ಕೊನೆಯ ಹಾಡಿನಲ್ಲಿ ಒಂದು ಪತ್ರ ಬರುತ್ತದೆ. ಅವಳೂ ಅವನ ಮಗಳಲ್ಲ! ಧಾರಾವಾಹಿಯವರು ಈ ತಿರುವನ್ನು ಮುನ್ನೂರು ಕಂತು ಎಳೆಯುತ್ತಿದ್ದರು, ಇವರು ಒಂದು ಗಂಟೆಯೊಳಗೆ ಮುಗಿಸಿದ್ದಾರೆ. ಮಧ್ಯೆ ಹಳೇ ರಾಕ್ ಬ್ಯಾಂಡ್ ಜೆತ್ರೋ ಟಲ್‌ನ ಇಯಾನ್ ಆಂಡರ್ಸನ್ ಬಂದು ಉಯಿಲು ಓದುತ್ತಾರೆ, ಕೊಳಲನ್ನೂ ನುಡಿಸುತ್ತಾರೆ. ಆಸ್ತಿ ಹಂಚುವ ಜಾಗದಲ್ಲಿ ಕೊಳಲು ಯಾಕೆ ಅಂತ ಕೇಳಬೇಡಿ. ಗ್ರೌಲ್ ಬಂದಾಗ ಸತ್ತ ಯಜಮಾನ ಗೋಡೆಯೊಳಗಿಂದ ಬೈಯುತ್ತಿರುವ ಹಾಗೆ ನನಗೆ ಕೇಳಿಸಿತು. ನಗು ನಿಂತಿದ್ದು ಮೊದಲ ಹಾಡಿನಲ್ಲೇ. ಕಥೆ ನೆನಪಾದಾಗ ಮಾತ್ರ ಮತ್ತೆ ಬಂತು.

ಡೆಫ್‌ಹೆವನ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. 2013ರಲ್ಲಿ ಇವರು ಗುಲಾಬಿ ಮುಖಪುಟ ಹಾಕಿ ಸೈತಾನನ ಹೆಸರು ಹೇಳುವ ಬ್ಲ್ಯಾಕ್ ಮೆಟಲ್ ಶೈಲಿಯ ಮಡಿವಂತರ ಮಡಿ ಕೆಡಿಸಿದವರು. ಸೈತಾನನನ್ನು ಸಹಿಸುವ ಜನಕ್ಕೆ ಗುಲಾಬಿ ಬಣ್ಣ ಸಹಿಸಲು ಆಗಲಿಲ್ಲ. 2021ರಲ್ಲಿ ಕಿರುಚಾಟವನ್ನೂ ಬಹುಪಾಲು ಬಿಟ್ಟರು. 2025ರ ಮಾರ್ಚ್‌ನಲ್ಲಿ ಬಂದ 'ಲೋನ್ಲಿ ಪೀಪಲ್ ವಿತ್ ಪವರ್'ನಲ್ಲಿ ಎಲ್ಲ ವಾಪಸ್. 'ಮ್ಯಾಗ್ನೋಲಿಯಾ' ಕೇಳಿ. ಹೂವಿನ ಹೆಸರಿಟ್ಟು ಮುಖಕ್ಕೆ ಗುದ್ದುವುದು ಅಂದರೆ ಇದು.

ಬ್ಲಡ್ ಇನ್‌ಕಾಂಟೇಶನ್‌ನವರು ಡೆನ್ವರ್‌ನವರು. ಇವರಿಗೆ ಸೈತಾನ ಬೇಡ, ಅನ್ಯಗ್ರಹದವರು ಬೇಕು. 2022ರಲ್ಲಿ ಡೆತ್ ಮೆಟಲ್ ಬ್ಯಾಂಡ್ ಅನ್ನುವುದನ್ನೇ ಮರೆತು ಬರೀ ಸಿಂಥಸೈಜರ್‌ನ ಬಡಿತವಿಲ್ಲದೆ ತೇಲುವ ಆಂಬಿಯೆಂಟ್ ಸಂಗೀತ ಬಿಟ್ಟರು. 2024ರ ಅಕ್ಟೋಬರ್‌ನಲ್ಲಿ ಬಂದ 'ಅಬ್ಸೊಲ್ಯೂಟ್ ಎಲ್ಸ್‌ವೇರ್'ನಲ್ಲಿ ಎರಡನ್ನೂ ಕಲಸಿದ್ದಾರೆ. ಇಡೀ ಆಲ್ಬಮ್‌ಗೆ ಎರಡೇ ಹಾಡು, ಒಂದೊಂದೂ 20 ನಿಮಿಷ ದಾಟುತ್ತದೆ. ಪ್ರತಿ ಹಾಡನ್ನೂ ಮೂರು ಭಾಗ ಮಾಡಿದ್ದಾರೆ. ಭಾಗ ಅಂದರೆ ಸಾಕಿತ್ತು, ಇವರು ಶಿಲಾಫಲಕ ಅನ್ನುತ್ತಾರೆ. ಅನ್ಯಗ್ರಹದವರು ಸಂದೇಶವನ್ನು ಕಲ್ಲಿನಲ್ಲೇ ಕಳಿಸುತ್ತಾರಂತೆ, ಅಷ್ಟು ದೊಡ್ಡ ಅಂತರಿಕ್ಷ ನೌಕೆ ಇದ್ದೂ.

ರೆಕಾರ್ಡ್ ಮಾಡಿದ್ದು ಬರ್ಲಿನ್‌ನ ಹಾನ್ಸಾ ಸ್ಟುಡಿಯೊದಲ್ಲಿ. ರಾಕ್ ಗಾಯಕ ಡೇವಿಡ್ ಬೋವಿ 1977ರಲ್ಲಿ ಕೆಲಸ ಮಾಡಿದ ಜಾಗ. ಜರ್ಮನಿಯ ಸಿಂಥಸೈಜರ್ ಬ್ಯಾಂಡ್ ಟ್ಯಾಂಜರೀನ್ ಡ್ರೀಮ್‌ನ ಥಾರ್ಸ್ಟನ್ ಕ್ವೇಶ್ನಿಂಗ್ ಬಂದು ಮೊದಲ ಹಾಡಿನ ಎರಡನೇ ಫಲಕದಲ್ಲಿ ನುಡಿಸಿದ್ದಾರೆ. ನಾನು ಇಲ್ಲಿ ಜೋಕ್ ಮಾಡಲು ತಯಾರಾಗಿಯೇ ಕೂತಿದ್ದೆ. ಮೊದಲ ಫಲಕದಲ್ಲಿ ಎಲ್ಲ ಸೇರಿ ಅಪ್ಪಳಿಸುತ್ತಾರೆ, ಇದ್ದಕ್ಕಿದ್ದಂತೆ ಗಿಟಾರ್ ತಿಳಿಯಾಗುತ್ತದೆ, ಇನ್ನೇನು ಮಲಗಬೇಕು ಅನ್ನುವಾಗ ಮತ್ತೆ ಏಟು. ಎಲ್ಲೂ ಹೊಲಿಗೆ ಕಾಣುವುದಿಲ್ಲ. ಎರಡನೇ ಫಲಕ ಮುಗಿಯುವ ಹೊತ್ತಿಗೆ ನಾನು ತುಟಿ ಪಿಟಕ್ ಅನ್ನದೆ ಕೂತಿದ್ದೆ. ಇಲ್ಲಿ ಹೇಳಿದ ಎಲ್ಲದರಲ್ಲಿ ಒಂದನ್ನೇ ಕೇಳಲು ಸಮಯ ಇದ್ದರೆ ಇದನ್ನು ಕೇಳಿ. ಹೆಡ್‌ಫೋನ್ ಹಾಕಿಕೊಂಡು, ಮಧ್ಯೆ ಏಳದೆ, ಒಂದೇ ಸಲಕ್ಕೆ.

ನ್ಯೂಜಿಲೆಂಡ್‌ನ ಅಲ್ಸರೇಟ್, 'ಕಟಿಂಗ್ ದ ಥ್ರೋಟ್ ಆಫ್ ಗಾಡ್', 2024ರ ಜೂನ್. ಮೂರೇ ಜನ. ಡ್ರಮ್ಮರ್ ಜೇಮಿ ಸೇಂಟ್ ಮೆರಾಟ್ ಬಾರಿಸುವುದು ಸಾಲದು ಅಂತ ಬ್ಯಾಂಡ್‌ನ ರೆಕಾರ್ಡಿಂಗ್, ಮಿಕ್ಸಿಂಗ್, ಮುಖಪುಟದ ಕೆಲಸ ಎಲ್ಲವನ್ನೂ ಮಾಡುವವರು. ಉಳಿದಿಬ್ಬರು ಇವರನ್ನು ಮನೆಗೆ ಹೋಗಲು ಬಿಡುತ್ತಾರೋ ಇಲ್ಲವೋ. ಅಷ್ಟೇ, ನನಗೆ ಸಿಕ್ಕ ಜೋಕ್ ಇದೊಂದೇ. ಶೀರ್ಷಿಕೆ ನೋಡಿ ನಕ್ಕೆ, ಪ್ಲೇ ಒತ್ತಿದೆ, ಮುಗಿಯಿತು. ಸುಮಾರು ಒಂದು ಗಂಟೆ ಯಾರೋ ಎದೆಯ ಮೇಲೆ ಕೂತಂತೆ ಇರುತ್ತದೆ, ಎದ್ದು ಹೋಗಲಿ ಅಂತಲೂ ಅನ್ನಿಸುವುದಿಲ್ಲ.

ಕೊನೆಗೆ ನಾರ್ವೆಯ ಇಬ್ಬರೇ ಇರುವ ಬ್ಯಾಂಡ್ ಡಾರ್ಕ್‌ಥ್ರೋನ್, 'ಇಟ್ ಬೆಕನ್ಸ್ ಅಸ್ ಆಲ್', 2024ರ ಏಪ್ರಿಲ್. ನನ್ನ ಅಳತೆಗೋಲು ಮುರಿದದ್ದು ಇಲ್ಲಿ. ಯಾಕೆಂದರೆ ನನಗಿಂತ ಮೊದಲು ಇವರೇ ನಗುತ್ತಿದ್ದಾರೆ. ತೊಂಬತ್ತರ ದಶಕದಲ್ಲಿ ಬ್ಲ್ಯಾಕ್ ಮೆಟಲ್‌ಗೆ ಆ ಹೆಪ್ಪುಗಟ್ಟಿದ ಮುಖ ಕೊಟ್ಟವರಲ್ಲಿ ಇವರಿಬ್ಬರೂ ಸೇರಿದ್ದಾರೆ. ಇವರಲ್ಲೊಬ್ಬರಾದ ಫೆನ್ರಿಜ್ ಮುಂದೆ ಸ್ಥಳೀಯ ಚುನಾವಣೆಗೆ ನಿಂತರು. ಬೆಕ್ಕನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು, ದಯವಿಟ್ಟು ನನಗೆ ಮತ ಹಾಕಬೇಡಿ ಅಂತ ಪ್ರಚಾರ ಮಾಡಿದರು. ಜನ ಹಾಕಿಯೇಬಿಟ್ಟರು. ಬದಲಿ ಸದಸ್ಯರಾಗಿ ಆಯ್ಕೆಯಾದರು. 2022ರ ಆಲ್ಬಮ್‌ನ ಮುಖಪುಟದಲ್ಲಂತೂ ಒಬ್ಬ ಹಿಮದ ಮೇಲೆ ಸ್ಕೇಟಿಂಗ್ ಮಾಡುತ್ತಿದ್ದಾನೆ. ಈ ಬಾರಿಯ ರೆಕಾರ್ಡಿಂಗ್ ನಡೆದ ಓಸ್ಲೊ ಸ್ಟುಡಿಯೊದ ಹೆಸರು ಚಾಕಾ ಖಾನ್. ಹೌದು, ಆ ಫಂಕ್ ಗಾಯಕಿಯ ಹೆಸರೇ.

ಹಾಡುಗಳು ಬ್ಲ್ಯಾಕ್ ಮೆಟಲ್‌ಗಿಂತ ಹಳೇ ಹೆವಿ ಮೆಟಲ್ ಮತ್ತು ನಿಧಾನಗತಿಯ ಡೂಮ್ ಮೆಟಲ್ ಕಡೆ ವಾಲುತ್ತವೆ. ಒಂದು ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಹಿಡಿದರೆ ಅದು ಸವೆಯುವವರೆಗೂ ಬಿಡುವುದಿಲ್ಲ. ಯಾರಿಗೂ ಅವಸರ ಇಲ್ಲ, ಯಾರನ್ನೂ ಮೆಚ್ಚಿಸಬೇಕಿಲ್ಲ. ನಗು ಒಂದು ಕ್ಷಣವೂ ನಿಲ್ಲಲಿಲ್ಲ, ಆಲ್ಬಮ್ ಮಾತ್ರ ಮತ್ತೆ ಮತ್ತೆ ಹಾಕುತ್ತಿದ್ದೇನೆ. ಕೊನೆಯ ಹಾಡಿನ ಹೆಸರು ಕಳೆದುಹೋದ ಗ್ರಹದ ಒಂಟಿ ಪೈನ್ ಮರಗಳು. ಹತ್ತು ನಿಮಿಷದ ಹಾಡು. ವಾಲ್ಯೂಮ್ ಜಾಸ್ತಿ ಮಾಡಿ ಕೇಳಿ, ಆಮೇಲೆ ಕಾಮೆಂಟ್‌ನಲ್ಲಿ ಬೈಯುವುದಿದ್ದರೆ ಬೈಯಿರಿ. ಗುಲಾಬಿ ಬಣ್ಣದ ವಿಷಯಕ್ಕೆ ಬೈಯುವವರು ಮೊದಲು ಸರತಿಯಲ್ಲಿ ನಿಂತುಕೊಳ್ಳಿ.