ನಿಮ್ಮ ಕೈಗೂ ಕೂಲಿ ಹಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೈ ಸುಮ್ನೆ ಇರದ ಜನ ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಬಹಳ. ಟಿವಿ ನೋಡ್ತಾ ಕೂತರೂ ಕೈಯಲ್ಲಿ ದಾರ ಹೆಣೆಯುವ ಕ್ರೋಶಾ ಕಡ್ಡಿ ಆಡುತ್ತಿರುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗಿನ ಚಿಪ್ಪು ಉಜ್ಜಿ ಬಟ್ಟಲು, ಗುಂಡಿ ಮಾಡುವವರಿದ್ದಾರೆ. ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬೊಡ್ಡೆ ತಂದು, ತಿಕ್ಕಿ, ಪಾಲಿಶ್ ಹಾಕಿ ಟೀಪಾಯಿ ಮಾಡುವವರಿದ್ದಾರೆ. ಮಣಿ ತೋರಣ, ಜೇಡಿಮಣ್ಣಿನ ಓಲೆ, ಕಸೂತಿ, ಹೀಗೆ ಏನಾದರೊಂದು.

ಇವರಲ್ಲಿ ಜಾಸ್ತಿ ಜನಕ್ಕೆ ಇದು ಹೊಟ್ಟೆಪಾಡಲ್ಲ. ಸಂಜೆಯ ಖುಷಿ. ನಾನೂ ಆ ಗುಂಪಿನವಳೇ, ಕ್ರೋಶಾ ಹಾಕುವವಳು. ಆದರೆ ಒಂದು ದಿನ ಬರುತ್ತದೆ. ಬೀರು ತುಂಬಿರುತ್ತದೆ. ನೆಂಟರಿಗೆಲ್ಲ ಕೊಟ್ಟಾಗಿರುತ್ತದೆ. ನಾದಿನಿಗೆ ಮೂರನೇ ಬ್ಯಾಗು ಕೊಟ್ಟರೆ ಅವರೂ ಎಲ್ಲಿಡಬೇಕು ಪಾಪ! ಆಗ ಯಾರೋ ಹೇಳುತ್ತಾರೆ, 'ಮೇಳದಲ್ಲಿ ಒಂದು ಮಳಿಗೆ ಹಾಕಬಾರದಾ?'

ಹಾಕಬಹುದು. ಆದರೆ ಮೊದಲು ಖಾಲಿ ಕೈಲಿ ಹೋಗಿ. ಮಾರುವವರಾಗಿ ಅಲ್ಲ, ನೋಡುವವರಾಗಿ.

ಬೆಳಿಗ್ಗೆ ಹನ್ನೊಂದಕ್ಕೆ ಒಂದು ಸುತ್ತು, ಸಂಜೆ ಆರಕ್ಕೆ ಇನ್ನೊಂದು ಸುತ್ತು ಹಾಕಿ. ಎರಡೂ ಹೊತ್ತಿನ ಜನ ಬೇರೆ ಬೇರೆ. ಬೆಳಿಗ್ಗೆ ಬಂದವರು ನಿಂತು ಮಾತಾಡುತ್ತಾರೆ, ಸಂಜೆ ಬಂದವರು ಮಕ್ಕಳನ್ನು ಎಳೆದುಕೊಂಡು ಓಡುತ್ತಾರೆ. ಯಾವ ಮಳಿಗೆ ಮುಂದೆ ಕಾಲು ನಿಲ್ಲುತ್ತದೆ ನೋಡಿ. ನೆಲದ ಮೇಲೆ ಹರಡಿದ ಸಾಮಾನಿಗೂ ಎದೆಮಟ್ಟಕ್ಕೆ ತೂಗುಹಾಕಿದ ಸಾಮಾನಿಗೂ ಎಷ್ಟು ವ್ಯತ್ಯಾಸ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಮಧ್ಯಾಹ್ನದ ಬಿಸಿಲು ಯಾವ ಸಾಲಿಗೆ ಬೀಳುತ್ತದೆ, ಸಂಜೆ ದೀಪ ಇದೆಯಾ, ಪಕ್ಕದಲ್ಲಿ ಬಜ್ಜಿ ಅಂಗಡಿ ಬಂದರೆ ಹೊಗೆ ಎತ್ತ ಹೋಗುತ್ತದೆ, ಇದನ್ನೆಲ್ಲ ನೋಡಿ. ಶೌಚಾಲಯ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ನಗಬೇಡಿ. ಹತ್ತು ಗಂಟೆ ಒಂದೇ ಕಡೆ ಕೂರಬೇಕಾದ ಹೆಂಗಸರಿಗೆ ಮಳಿಗೆ ಬಾಡಿಗೆಗಿಂತ ಇದೇ ದೊಡ್ಡ ವಿಷಯ. ವಾಪಸ್ ಬರುವ ಕೊನೇ ಬಸ್ಸಿನ ಹೊತ್ತನ್ನೂ ಕೇಳಿಟ್ಟುಕೊಳ್ಳಿ.

ಮಾರುವವರ ಜೊತೆ ಮಾತಾಡಿ, ಆದರೆ ಗಿರಾಕಿ ಇಲ್ಲದ ಹೊತ್ತಲ್ಲಿ. ಫೋಟೊ ತೆಗೆಯುವ ಮುಂಚೆ ಕೇಳಿ. ದಯವಿಟ್ಟು 'ಅಯ್ಯೋ, ಇದನ್ನ ನಾನೇ ಮನೇಲಿ ಮಾಡ್ತೀನಿ' ಅಂತ ಗಟ್ಟಿಯಾಗಿ ಹೇಳಬೇಡಿ. ನಿಮ್ಮ ಹಿಂದೆ ದುಡ್ಡು ಹಿಡಿದು ನಿಂತವರು ಹೊರಟುಹೋಗುತ್ತಾರೆ.

ಇನ್ನು, ಜನ ಸೇರಿದ ಕಡೆಯೆಲ್ಲ ವ್ಯಾಪಾರ ಆಗುತ್ತದೆ ಅಂತ ಇಲ್ಲ. ನಮ್ಮ ಹಾಸನಾಂಬೆ ದೇವಸ್ಥಾನವನ್ನೇ ತಗೊಳ್ಳಿ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಮುಗಿದ ಮಾರನೇ ದಿನ ಮುಚ್ಚುತ್ತಾರೆ. ಅಷ್ಟು ದಿನ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಬಂದವರು ಗಂಟೆಗಟ್ಟಲೆ ಸಾಲಲ್ಲಿ ನಿಂತು ದಣಿದಿರುತ್ತಾರೆ. ದರ್ಶನ ಆದಮೇಲೆ ಬಳೆ, ಬಲೂನು, ಕಡ್ಲೆಪುರಿ ಕೊಂಡು ಬಸ್ ಹತ್ತುತ್ತಾರೆ. ಅಲ್ಲಿ ಐನೂರು ರೂಪಾಯಿ ಬ್ಯಾಗು ಹರಡಿ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಬೇಲೂರಿನ ತೇರಿನಲ್ಲೂ ಹಾಗೇ. ಜಾತ್ರೆಯ ಗಿರಾಕಿಗೆ ಇಪ್ಪತ್ತು, ಐವತ್ತು, ನೂರು, ಅಷ್ಟರೊಳಗಿನ ಸಾಮಾನು ಬೇಕು.

ವಾರದ ಕೊನೆಗೆ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಬರುವ ಪ್ರವಾಸಿಗಳ ಲೆಕ್ಕ ಬೇರೆ. ಅವರ ಜೇಬು ಸ್ವಲ್ಪ ದೊಡ್ಡದು. ಆದರೆ ಕಾರಿನ ಡಿಕ್ಕಿ ಆಗಲೇ ಕಾಫಿಪುಡಿ, ಜೇನು, ಮೆಣಸಿನಿಂದ ತುಂಬಿರುತ್ತದೆ. ಹಗುರ ಇರಬೇಕು, ಒಡೆಯಬಾರದು, 'ಚಿಕ್ಕಮಗಳೂರಿಂದ ತಂದೆ' ಅಂತ ತೋರಿಸುವಂತಿರಬೇಕು. ಕಾಫಿ ಗಿಡದ ಕೊಂಬೆಯಲ್ಲಿ ಮಾಡಿದ ಕೀ ಗೊಂಚಲು ಹೋಗುತ್ತದೆ, ಅದೇ ಮರದ ಟೀಪಾಯಿ ಹೋಗುವುದು ಕಷ್ಟ. ಕಾಲೇಜು ಮೇಳ, ಫಲಪುಷ್ಪ ಪ್ರದರ್ಶನ, ಸ್ತ್ರೀಶಕ್ತಿ ಸಂಘದವರ ಮಾರಾಟ ಮೇಳಗಳಲ್ಲಿ ಊರಿನವರೇ ಜಾಸ್ತಿ. ಹೊಸಬರು ಅಲ್ಲಿಂದ ಶುರುಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೆಂಗಳೂರಿನ ಚಿತ್ರಸಂತೆಯಂಥ ದೊಡ್ಡ ಕಡೆಗೆ ಆಮೇಲೆ ಹೋದರಾಯಿತು.

ಈಗ ಬೆಲೆಯ ಮಾತು. ಇವತ್ತು ನಾನು ಹೇಳಲು ಬಂದಿದ್ದೇ ಇದನ್ನ.

ಹವ್ಯಾಸದವರಿಗೆ ಬೆಲೆ ಹೇಳಲು ನಾಚಿಕೆ. 'ದಾರದ ದುಡ್ಡು ಬಂದರೆ ಸಾಕು', 'ನನ್ನ ಟೈಮ್ ಪಾಸಿಗೆ ಮಾಡಿದ್ದು ಅಲ್ವಾ' ಅಂತ ಹೇಳಿ ನೂರೈವತ್ತಕ್ಕೆ ಕೊಟ್ಟುಬಿಡುತ್ತಾರೆ. ಕೇಳಲು ದೊಡ್ಡ ಮನಸ್ಸು ಅನ್ನಿಸುತ್ತದೆ. ಆದರೆ ಅದೇ ಸಾಲಿನಲ್ಲಿ ಎರಡು ಮಳಿಗೆ ಆಚೆ ಒಬ್ಬಾಕೆ ಕೂತಿರುತ್ತಾರೆ. ಅವರಿಗೆ ಇದೇ ಕಸುಬು. ಮಗನ ಶಾಲೆ ಫೀಸು ಇದರಲ್ಲೇ ಹುಟ್ಟಬೇಕು. ನಿಮ್ಮ ಹತ್ತಿರ ನೂರೈವತ್ತಕ್ಕೆ ಸಿಕ್ಕಿದ್ದನ್ನ ಅವರು ಐನೂರು ಅಂದರೆ ಗಿರಾಕಿ ಏನಂತಾನೆ? 'ಅಲ್ಲಿ ನೂರೈವತ್ತು, ನೀವು ದೋಚ್ತಾ ಇದೀರಾ' ಅಂತಾನೆ. ನಿಮ್ಮ ಖುಷಿಗೆ ಅವರ ಕೂಲಿ ಹೋಯಿತು.

ಹಾಗಾದರೆ ಲೆಕ್ಕ ಹೇಗೆ? ಕ್ರೋಶಾ ಕೈಚೀಲ ಒಂದನ್ನು ತಗೊಳ್ಳೋಣ. ದಾರಕ್ಕೆ 180 ರೂಪಾಯಿ ಅಂತಿಟ್ಟುಕೊಳ್ಳಿ. ಒಳಗಿನ ಬಟ್ಟೆ, ಜಿಪ್ಪು, ಹಿಡಿ ಸೇರಿ 70. ಅಸಲು 250 ಆಯಿತು. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಇನ್ನು ಕೈ ಕೂಲಿ. ಚೀಲ ಮುಗಿಯಲು ಆರು ಗಂಟೆ ಬೇಕು ಅನ್ನಿ. ಗಂಟೆಗೆ ಎಷ್ಟು? ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ಚಿಲ್ಲರೆ. ಕೆರೆ ಹೂಳೆತ್ತುವವರಿಗೆ ಸರ್ಕಾರ ಕೊಡುವ ಕೂಲಿಗಿಂತ ನಿಮ್ಮ ಕೈಗೆ ಕಡಿಮೆ ಹಾಕಬೇಡಿ, ಅಷ್ಟೇ. ಆರು ಗಂಟೆಗೆ 277 ರೂಪಾಯಿ ಆಗುತ್ತದೆ. ಅಲ್ಲಿಗೆ 527. ಮಳಿಗೆ ಬಾಡಿಗೆ, ಬಸ್ ಚಾರ್ಜು, ಪೇಪರ್ ಚೀಲ ಎಲ್ಲ ಸೇರಿ ದಿನಕ್ಕೆ 1,500 ಆಗಿ, ನೀವು ಮಾರುವುದು 25 ಸಾಮಾನು ಆದರೆ, ಒಂದೊಂದರ ತಲೆಗೆ 60. ಒಟ್ಟು 587. ಲಾಭ ಇನ್ನೂ ಸೇರಿಲ್ಲ.

ಯಂತ್ರದಲ್ಲಿ ಮಾಡಿದ ಚೀಲ ಸಂತೆಪೇಟೆಯಲ್ಲಿ ಇದರ ಅರ್ಧಕ್ಕೇ ಸಿಗಬಹುದು. ಅದರ ಜೊತೆ ಜಿದ್ದಿಗೆ ಬೀಳಬೇಡಿ. ಗೆಲ್ಲುವುದಿಲ್ಲ. ಚೀಲದ ಬೆಲೆ ಇಳಿಸುವ ಬದಲು ಅರ್ಧ ಗಂಟೆಯಲ್ಲಿ ಮುಗಿಯುವ ಸಾಮಾನು ಮಾಡಿ. ಜಡೆಗೆ ಹಾಕುವ ಹೂವು, ಲೋಟದ ಕೆಳಗಿಡುವ ಚಕ್ರ, ಬುಕ್‌ಮಾರ್ಕು. ಅಸಲು 15, ಕೂಲಿ 23, ಮೇಲೆ ಸ್ವಲ್ಪ ಖರ್ಚು, ಲಾಭ. ಎಂಬತ್ತಕ್ಕೆ ನೆಮ್ಮದಿಯಾಗಿ ಕೊಡಬಹುದು. ದೊಡ್ಡ ಚೀಲ ಎರಡು ಮೂರು ತೂಗುಹಾಕಿ. ಅದು ಕಾಲು ನಿಲ್ಲಿಸುತ್ತದೆ, ಚಿಕ್ಕದು ದುಡ್ಡು ತರುತ್ತದೆ.

ಬೆಲೆ ಚೀಟಿ ಹಾಕಿ. ಬಾಯಲ್ಲಿ ಹೇಳುವ ಬೆಲೆಗೆ ಚೌಕಾಶಿ ಬರುತ್ತದೆ. ಬರೆದ ಬೆಲೆಗೆ ಬರುವುದಿಲ್ಲ ಅಂತಲ್ಲ, ಕಡಿಮೆ. 'ಬೋಣಿ ಟೈಮು ಅಕ್ಕ, ಕಮ್ಮಿ ಮಾಡ್ಕೊಳಿ' ಅಂತ ಬೆಳಿಗ್ಗೆಯೇ ಬರುವ ಜಾಣರಿದ್ದಾರೆ. ಬೋಣಿ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ. ನಾನು ಅದಕ್ಕೆ ಅಂತಲೇ ಒಂದು ಚಿಕ್ಕ ಸಾಮಾನು ಸೇರಿಸಿ ಕೊಡುತ್ತೇನೆ, ಬೆಲೆ ಇಳಿಸುವುದಿಲ್ಲ. ಸಂಜೆ ಮುಚ್ಚುವ ಹೊತ್ತಿಗೆ ಅರ್ಧ ಬೆಲೆಗೆ ಚೆಲ್ಲುವುದಂತೂ ಬೇಡವೇ ಬೇಡ. ಕ್ರೋಶಾ ಚೀಲ ಸೊಪ್ಪಲ್ಲ, ನಾಳೆಗೆ ಬಾಡುವುದಿಲ್ಲ.

ಚೀಟಿಯಲ್ಲಿ ಬೆಲೆ ಜೊತೆ ಏನಿಂದ ಮಾಡಿದ್ದು, ಹೇಗೆ ಒಗೆಯಬೇಕು, ಯಾವ ಊರು ಅಂತ ಬರೆಯಿರಿ. ನಿಮ್ಮ ಹೆಸರೂ ಇರಲಿ. ಇದಕ್ಕೆ ಸಂಕೋಚ ಯಾಕೆ? ಬೇಲೂರಿನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ ರಾಜ, ನಿಜ. ಆದರೆ ಅಲ್ಲಿನ ಮದನಿಕೆಯರ ಕೆಳಗೆ ಕೆತ್ತಿದವರ ಹೆಸರೂ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 900 ವರ್ಷ ಆಯಿತು, ಹೆಸರು ಹಾಗೇ ಇದೆ.

ಸ್ವಲ್ಪ ಕಾನೂನಿನ ಮಾತು, ಬೇಗ ಮುಗಿಸುತ್ತೇನೆ. ಕ್ರೋಶಾ ಗೊಂಬೆ, ಮರದ ಗಿಲಕಿ ಮಾಡುವವರು ಇದನ್ನು ಗಮನಿಸಿ ಕೇಳಿ. 2021ರ ಜನವರಿಯಿಂದ, ಹದಿನಾಲ್ಕು ವರ್ಷದ ಒಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಆ ನೋಂದಣಿಗೆ ಕೊಡುವ ಗುರುತಿನ ಚೀಟಿಯ ಹೆಸರು ಪೆಹಚಾನ್. ಅದು ಇದ್ದರೆ ಸರ್ಕಾರಿ ಕರಕುಶಲ ಮೇಳಗಳಿಗೆ ಅರ್ಜಿ ಹಾಕಲೂ ಅನುಕೂಲ. ಮನೆಯಲ್ಲಿ ಮಾಡಿದ ಸ್ನಾನದ ಸೋಪು ಮಾರುತ್ತೀರಾದರೆ ಅದು ಸೌಂದರ್ಯ ಸಾಧನದ ಲೆಕ್ಕಕ್ಕೆ ಬರುತ್ತದೆ, ತಯಾರಿಸಲು ಪರವಾನಗಿ ಬೇಕು. ಉಪ್ಪಿನಕಾಯಿ, ಚಕ್ಕುಲಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಆಟಿಕೆ ಬಿಟ್ಟು ಉಳಿದ ದಾರ, ಬಟ್ಟೆ, ಚಿಪ್ಪಿನ ಕೆಲಸಕ್ಕೆ ಈ ತಾಪತ್ರಯ ಇಲ್ಲ.

2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂತಲ್ಲ, ಆಗ ತುಂಬ ಜನ ಹೆದರಿ ಕ್ಯೂಆರ್ ಚೀಟಿ ಕಿತ್ತು ಹಾಕಿದ್ದರು. ನಮ್ಮಂಥವರಿಗೆ ಆ ಭಯ ಬೇಡ. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷದ ವ್ಯಾಪಾರ. ಕ್ರೋಶಾ ಹಾಕಿ 40 ಲಕ್ಷ ದಾಟಿದವರು ಇದ್ದರೆ ದಯವಿಟ್ಟು ನನಗೂ ಕಲಿಸಿ! ಕ್ಯೂಆರ್ ಇರಲಿ. ಜೊತೆಗೆ ಹತ್ತು, ಇಪ್ಪತ್ತರ ನೋಟು ಚಿಲ್ಲರೆಯೂ ಇರಲಿ. ಮಲೆನಾಡಿನ ಎಷ್ಟೋ ಕಡೆ ನೆಟ್‌ವರ್ಕ್ ಬೇಕಾದಾಗ ಸಿಗುವುದಿಲ್ಲ, ನಿಮಗೆ ಗೊತ್ತಲ್ಲ.

ಇನ್ನು ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಬಯಲಿನ ಮೇಳ ನಡೆಯುವ ಮಾತೇ ಇಲ್ಲ. ಅದು ಮಾಡುವ ಕಾಲ. ಆದರೆ ಮಾಡಿಟ್ಟಿದ್ದಕ್ಕೆ ಬೂಸಲು ಬರುತ್ತದೆ. ಸೆಣಬು, ಬಿದಿರು, ಕಾಗದ ಮೂರೂ ತೇವ ಹೀರುತ್ತವೆ. ಬಿದಿರಿಗೆ ಹುಳವೂ ಬೀಳುತ್ತದೆ, ಹಿಟ್ಟು ಉದುರಿದರೆ ಒಳಗೆ ಕೊರೆಯುತ್ತಿದೆ ಅಂತ ತಿಳಿಯಿರಿ. ಸಾಮಾನನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಶೂ ಡಬ್ಬದಲ್ಲಿ ಬರುವ, ತೇವ ಹೀರುವ ಆ ಸಿಲಿಕಾ ಪೊಟ್ಟಣ ಕೂಡಿಹಾಕಿ ಅದರೊಳಗೆ ಹಾಕಿ. ಬಿಸಿಲು ಕಂಡ ದಿನ ಹೊರಗೆ ಹರಡಿ.

ದೀಪಾವಳಿಯಿಂದ ಯುಗಾದಿವರೆಗೆ ಮೇಳಗಳ ಕಾಲ. ಅದರಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ ಹುಷಾರು. ಕಾಫಿ ತೋಟದವರು ಗಿಡ ಹೂಬಿಡಲು ಬೇಕಾದ ಹೂಮಳೆಗೆ ಆಕಾಶ ನೋಡುತ್ತಾ ಕಾಯುತ್ತಿರುತ್ತಾರೆ. ಅದೇ ಮಳೆ ಮಧ್ಯಾಹ್ನ ಮೂರಕ್ಕೆ ಧೋ ಅಂತ ಬಂದರೆ ನಮ್ಮ ಮಳಿಗೆ ಕಥೆ ಮುಗಿಯಿತು. ದೊಡ್ಡ ಪ್ಲಾಸ್ಟಿಕ್ ಹಾಳೆ, ನಾಲ್ಕು ಕ್ಲಿಪ್ಪು, ಸ್ವಲ್ಪ ಹಗ್ಗ ಚೀಲದಲ್ಲಿ ಇರಲೇಬೇಕು. ಮೇಳದವರು ಶಾಮಿಯಾನ ಹಾಕಿರುತ್ತಾರೆ, ಆದರೆ ಶಾಮಿಯಾನ ಬಿಸಿಲಿಗೆ, ಮಳೆಗಲ್ಲ.

ಕೊನೆಗೆ ಆರ್ಡರ್ ವಿಷಯ. ಮೇಳದಲ್ಲಿ ಒಬ್ಬರಾದರೂ ಬಂದು, 'ಮಗಳ ಮದುವೆ ಇದೆ, ತಾಂಬೂಲದ ಚೀಲ ನೂರು ಬೇಕು, ಮುಂದಿನ ತಿಂಗಳು' ಅನ್ನುತ್ತಾರೆ. ಖುಷಿಯಲ್ಲಿ ತಲೆ ಆಡಿಸಬೇಡಿ. ಒಂದು ಚೀಲಕ್ಕೆ ಎರಡು ಗಂಟೆ ಅಂದರೂ ನೂರಕ್ಕೆ 200 ಗಂಟೆ. ದಿನಕ್ಕೆ ಮೂರು ಗಂಟೆ ಕೂತರೂ ಎರಡು ತಿಂಗಳು ದಾಟುತ್ತದೆ. ಇಪ್ಪತ್ತೈದು ಮಾಡಿಕೊಡುತ್ತೇನೆ, ಹತ್ತಿರದ ನೆಂಟರಿಗೆ ಇದನ್ನು ಕೊಡಿ, ಉಳಿದವರಿಗೆ ಬೇರೆ ನೋಡಿ ಅಂತ ಹೇಳಿ. ಇಲ್ಲವೇ ಸಾಲಿನಲ್ಲಿ ಕಸುಬಾಗಿ ಮಾಡುವ ಆ ಇನ್ನೊಬ್ಬಾಕೆಯ ಫೋನ್ ನಂಬರ್ ಕೊಡಿ. ನೀವೇ ಒಪ್ಪಿಕೊಂಡರೆ ಅರ್ಧ ದುಡ್ಡು ಮುಂಗಡ ತಗೊಳ್ಳಿ, ಬಣ್ಣ ಮತ್ತು ತಾರೀಕು ಬರೆಸಿಕೊಳ್ಳಿ. ದಾರ ಒಂದೇ ಸಲ, ಒಂದೇ ಅಂಗಡಿಯಲ್ಲಿ ಕೊಳ್ಳಿ. ಎರಡನೇ ಸಲ ಹೋದಾಗ ಅದೇ ಕೆಂಪು ಸಿಗುವುದಿಲ್ಲ.

ನಮಸ್ಕಾರ.